ಏಳನೆಯ ಕಾಲಂ

ಟೋಕಿಯೋದಿಂದ ಬಂದ ನಮೂನೆಯ ಏಳನೆಯ ಕಾಲಂ
ಕೇಳುತ್ತದೆ: ಈ ವರ್ಷ ನಾವೀನ್ಯ ಎಷ್ಟು?
ಪೇಟೆಂಟು ಎಷ್ಟು, ಪರವಾನಗಿ ಎಷ್ಟು, ಬಂದ ಯೆನ್ ಎಷ್ಟು?
ಸೊನ್ನೆ ಬರೆದೆ.
ಚೆನ್ನಾಗಿಯೇ ಬರೆದೆ, ದುಂಡಗೆ,
ಕನ್ನಡಕದ ಗಾಜಿನ ಹಾಗೆ.

ಸಬಾಯೆಯಲ್ಲಿ ಮನೆ ಬಿಟ್ಟು ಮನೆ
ಕನ್ನಡಕದ ಫ್ರೇಮು ಮಾಡುವವರು.
ಒಬ್ಬರದು ಮೂಗಿನ ಮೇಲಿನ ಸೇತುವೆ ಮಾತ್ರ,
ಒಬ್ಬರದು ಕೀಲು ಮಾತ್ರ,
ಮೂವತ್ತು ವರ್ಷದಿಂದ ಬರೀ ಪಾಲಿಶ್ ಇನ್ನೊಬ್ಬರದು.
ಬೀದಿಯ ತುದಿಗೆ ನಮ್ಮ ಸರ್ಕಾರಿ ಪರೀಕ್ಷಾಕೇಂದ್ರ:
ಮುದಿ ಸೂಕ್ಷ್ಮದರ್ಶಕ, ಇಬ್ಬರು ನೌಕರರು,
ಒಂದು ಸೀಮೆಎಣ್ಣೆ ಒಲೆ.

ತೊರಿಗೊಯೆ ಮಿತ್ಸುಯೆ ಹಿಮ ತುಳಿದುಕೊಂಡು ಬಂದಳು,
ಮುರಿದ ಕೀಲನ್ನು ತೆಳುಕಾಗದದಲ್ಲಿ ಸುತ್ತಿ,
ಸತ್ತ ಜೇನುಹುಳವನ್ನು ತಂದವಳ ಹಾಗೆ.
‘ಬೆಸುಗೆ ನಿಲ್ಲುತ್ತಿಲ್ಲ.
ಅವರು ಇದ್ದಾಗ ನಿಲ್ಲುತ್ತಿತ್ತು.’

ಇಣುಕಿದೆ. ಟೈಟಾನಿಯಂ ಬಿಸಿಯಲ್ಲಿ ಗಾಳಿ ಕುಡಿದಿತ್ತು;
ಕುಡಿದದ್ದು ಗಾಜಿನಂತೆ ಪೆಡಸಾಗುತ್ತದೆ.
ಕೆಳಗಿನ ಖಾನೆಯಲ್ಲಿ ಹೊಸಾಕರ ನೋಟುಪುಸ್ತಕ.
ಹದಿನೆಂಟು ವರ್ಷದ ಹಿಂದೆ, ಇದೇ ಮೇಜಿನ ಮೇಲೆ
ಮುನ್ನೂರ ಹನ್ನೆರಡು ತುಂಡು ಸುಟ್ಟರು ಆತ.
ಬೇಕಾದ ಮಿಶ್ರಲೋಹ ಸಿಗಲೇ ಇಲ್ಲ,
ಬಡ್ತಿಯೂ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇನ್ನೂರ ನಾಲ್ಕನೆಯ ತುಂಡಿನ ಎದುರು ಒಂದು ಸಾಲು:
‘ಆರ್ಗಾನ್ ನಿಲ್ಲಿಸಲು ಅವಸರ ಬೇಡ.
ಕೆಂಪು ಆರುವ ತನಕ ಕಾಯಬೇಕು.’

ಓದಿ ಹೇಳಿದೆ. ಸಾವಿರದ ನಾನೂರು ಯೆನ್.
ಚಿಲ್ಲರೆ ಎಣಿಸಿ ಕೊಟ್ಟಳು.
ಕೀಲು ನಿಂತಿತು. ಗೋಡೆಯಾಚೆಯವಳಿಗೆ ಹೇಳಿದಳು,
ಅವಳು ತಮ್ಮನಿಗೆ, ತಮ್ಮ ಸ್ನಾನದ ಮನೆಯಲ್ಲಿ ಊರಿಗೆ.
ಮರುವರ್ಷ ಒಸಾಕಾದ ದೊಡ್ಡ ಕಂಪನಿಯ ಕೆಟಲಾಗಿನಲ್ಲಿ
‘ಮುರಿಯದ ಕೀಲು, ನಮ್ಮದೇ ಸಂಶೋಧನೆ’.
ಇರಲಿ. ತೆರಿಗೆ ಅವರೂ ಕಟ್ಟಿದ್ದಾರೆ.

ಈಗ ಎದುರಿಗೆ ಕಿಝಾಕಿ ನಾವೊ, ಮೌಲ್ಯಮಾಪನ ವಿಭಾಗ.
ಕೆಟ್ಟವಳಲ್ಲ; ಚಹಾ ತಾನೇ ಬಗ್ಗಿಸಿಕೊಂಡಳು.
ಅವಳ ಫೈಲಿನಲ್ಲಿ ನೀತಿ ಬಲು ಅಚ್ಚುಕಟ್ಟು:
ಎಡಕ್ಕೆ ಹಣ, ಬಲಕ್ಕೆ ಫಲ, ನಡುವೆ ನೀಲಿ ಬಾಣ.
ಬಾಣದ ಉದ್ದಕ್ಕೂ ಹೊಸಾಕರನ್ನು ಹುಡುಕಿದೆ.
‘ನನಗೂ ಗೊತ್ತಾಗುತ್ತದೆ,’ ಅಂದಳು,
‘ಆದರೆ ಕಾಲಂ ಇರುವುದು ಇಷ್ಟೇ ಅಗಲ.’

ತಲೆ ಬಗ್ಗಿಸಿದಾಗಲೆಲ್ಲ ಅವಳ ಕನ್ನಡಕ ಜಾರುತ್ತಿತ್ತು.
ಇತ್ತ ಕೊಡಿ ಅಂದೆ.
ತಿರುಗಿಸಿ ನೋಡಿದೆ: ನಮ್ಮೂರಿನದಲ್ಲ,
ಅಗ್ಗದ ಮಾಲು, ಎಲ್ಲಿಯದೋ.
ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದೆ.
ರೂಢಿಯಂತೆ ರಸೀದಿ ಪುಸ್ತಕಕ್ಕೆ ಕೈ ಹೋಯಿತು, ಹಿಂದೆ ಬಂತು.

ಮುಚ್ಚುತ್ತಾರೋ ಇಲ್ಲವೋ, ಮಾರ್ಚಿಗೆ ತಿಳಿಯುತ್ತದಂತೆ.
ಅವಳು ಹೋದ ಮೇಲೆ ಒಲೆ ಹಚ್ಚಿ,
ಮುನ್ನೂರ ಹದಿಮೂರನೆಯ ತುಂಡು ಕಾಯಿಸಿದೆ.
ಅದೂ ಮುರಿಯಿತು.
ಎಲ್ಲಿ ಮುರಿಯಿತೆಂದು
ಬರೆದಿಟ್ಟೆ.