ತಕ್ಕಡಿಯ ಮೇಲೆ ಹೆಬ್ಬೆರಳು

ಸೀಗಡಿ ತೂಗುತ್ತಿದ್ದ ಸ್ಪ್ರಿಂಗ್ ತಕ್ಕಡಿಯನ್ನು
ಮೂರು ಸಲ ಸೋಪು ಹಾಕಿ ತಿಕ್ಕಿ
ಕಿಟಕಿಯ ಕೊಕ್ಕೆಗೆ ನೇತುಹಾಕಿದೆ.
ವಾಸನೆ ಹೋಗಲಿಲ್ಲ.
ಇರಲಿ ಬಿಡು ಅಂದ ಸಮಾಯೆ,
ನಾನು ಸರೋವರಕ್ಕೆ ಹೋಗದಿದ್ದರೆ
ಅದೇ ಬಂತು ಅಂದುಕೊಳ್ಳೋಣ.

ಅಂಚೆಯ ವ್ಯಾನು ತಿಂಗಳಿಗೊಮ್ಮೆ
ಪೆಟ್ಟಿಗೆ ಪೆಟ್ಟಿಗೆ ನೀರು ಇಳಿಸಿ ಹೋಗುತ್ತಿತ್ತು.
ಸೊಂಗ್‌ಖ್ಲಾದ ನೀರಿನ ಮೇಲೆ
ಕಂಬ ಊರಿ ನಿಂತ ಮನೆಗೆ
ಅಂಚೆಯಲ್ಲಿ ನೀರು!
ನೆರೆಯವರು ಹೊಟ್ಟೆ ಹಿಡಿದು ನಕ್ಕರು.
ಅವನೂ ನಕ್ಕ, ಕೊಳವೆ ಎಳೆಯದ ಹಾಗೆ ಮೆಲ್ಲಗೆ.

ದಿನಕ್ಕೆ ನಾಲ್ಕು ಸಲ
ಒಳಗೆ ಎರಡು ಸಾವಿರ,
ಹೊರಗೆ ಎರಡು ಸಾವಿರದ ಇನ್ನೂರು.
ಆ ಇನ್ನೂರೇ ಲಾಭ.
ದಡದಲ್ಲಿ ಮೀನು ಕೊಂಡು ಮಾರಿದವಳಿಗೆ
ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯ ವರ್ಷ, ಉಪವಾಸದ ತಿಂಗಳು ಮುಗಿದ ವಾರ,
ಚೀಲ ಮುಕ್ಕಾಲು ತುಂಬಿ ನಿಂತಿತು.
ನೋವಿಲ್ಲ, ಜ್ವರವಿಲ್ಲ, ನೀರು ತಿಳಿಯಾಗೇ ಇದೆ.
ಎಡಕ್ಕೆ ಹೊರಳು ಅಂದೆ. ಹೊರಳಿದ.
ಎದ್ದು ನಿಲ್ಲು. ಕೆಮ್ಮು. ಏಣಿ ಇಳಿದು ಹತ್ತು.
ಪಪ್ಪಾಯಿ ತಿನ್ನಿಸಿದೆ, ಭೇದಿಗೆ ಕುಡಿಸಿದೆ,
ಕರುಳು ಕದಲಿದರೆ ಕೊಳವೆಯೂ ಕದಲುತ್ತದಂತೆ.
ಒಮ್ಮೊಮ್ಮೆ ಕದಲಿತು.
ಒಮ್ಮೊಮ್ಮೆ ಸಾವಿರದ ಏಳುನೂರಕ್ಕೆ ನಿಂತ ಮುಳ್ಳು
ನನ್ನ ಮುಖ ನೋಡಿತು.

ಎಕ್ಸ್‌ರೇ ಹಿಡಿದು ತೋರಿಸಿದರು:
ಕಿಬ್ಬೊಟ್ಟೆಯ ತಳದಲ್ಲಿ ಸುರುಳಿ ಸುತ್ತಿ ಮಲಗಬೇಕಾದದ್ದು
ತಲೆಯೆತ್ತಿ ಯಕೃತ್ತಿನ ಕಡೆ ಹೊರಟಿತ್ತು.
ತಂತಿ ತೂರಿಸಿ ಕೆಳಗಿಳಿಸಿದರು.
ಹದಿನೇಳು ದಿನ ಮಾತು ಕೇಳಿತು.

ಇನ್ನೊಮ್ಮೆ ಕೊಯ್ಯಿಸಿಕೊಳ್ಳಲಾರೆ ಅಂದ ಅವನು,
ಗೋಡೆಗೆ.

ತಕ್ಕಡಿಯ ಮೇಲೆ ಹೆಬ್ಬೆರಳು ಇಡುವುದು
ಅಮ್ಮ ಕಲಿಸಿದ ವಿದ್ಯೆ:
ಕೊಳ್ಳುವಾಗ ಅಡಿಯಿಂದ ಎತ್ತಬೇಕು,
ಮಾರುವಾಗ ಮೇಲಿಂದ ಒತ್ತಬೇಕು,
ಎರಡಕ್ಕೂ ನಗುಮುಖ ಬೇಕು.
ಐದು ವಾರ ನಾನು ಚೀಲದ ಅಂಚಿಗೆ ಹೆಬ್ಬೆರಳಿಟ್ಟೆ.
ಎರಡು ಸಾವಿರದ ಇನ್ನೂರು ಎಂದು ಬರೆದೆ.
ಎರಡು ಸಾವಿರದ ನೂರೈವತ್ತು ಎಂದೂ ಬರೆದೆ,
ನಂಬಿಕೆ ಬರಲೆಂದು.
ಮುಳ್ಳು ಅಲ್ಲೇ ಇತ್ತಲ್ಲ, ಸುಳ್ಳೆಲ್ಲಿ?

ನರ್ಸ್ ವಿಲಾವಣ್ ಪುಸ್ತಕದ ಪುಟ ಪುಟ ತಿರುವಿದಳು.
ಏನೂ ಅನ್ನಲಿಲ್ಲ. ಬಗ್ಗಿ
ಅವನ ಮೊಣಕಾಲ ಕೆಳಗೆ, ಎಲುಬಿನ ಮೇಲೆ
ತನ್ನ ಹೆಬ್ಬೆರಳು ಒತ್ತಿದಳು.
ತೆಗೆದಳು.
ಗುಳಿ ಹಾಗೇ ಇತ್ತು.
ನಾನು ಎಣಿಸಿದೆ, ಹನ್ನೊಂದರ ತನಕ.

ಕೊಯ್ದು ನೋಡಿದಾಗ
ಹೊಟ್ಟೆಯೊಳಗಿನ ಕೊಬ್ಬಿನ ಪರದೆ
ಕೊಳವೆಯ ತೂತು ತೂತಿಗೂ ಹೊಕ್ಕು ಹೆಣೆದುಕೊಂಡಿತ್ತಂತೆ.
ನಲವತ್ತು ವರ್ಷ ಬಲೆ ಬೀಸಿದವನ ಒಳಗೂ
ಒಂದು ಬಲೆ.
ಬಿಡಿಸಿದರು. ಹೊಸದು ಹಾಕಿದರು.
ಅದೂ ಮಡಚಿಕೊಂಡಿತು. ಮೂರನೆಯದು ಸೋರಿತು.
ಆಮೇಲೆ ರಕ್ತದ ಯಂತ್ರ.

ಈಗ ಆರು ವರ್ಷ.
ಸೋಮವಾರ, ಬುಧವಾರ, ಶುಕ್ರವಾರ
ನಸುಕಿನ ದೋಣಿ ಹಿಡಿದು ಹಾಟ್ ಯಾಯ್‌ಗೆ.
ಹೊಟ್ಟೆಯ ಹಳೆಯ ತೂತು ಕೆಮ್ಮಿದರೆ ಉಬ್ಬುತ್ತದೆ,
ಅಂಗೈ ಇಟ್ಟುಕೊಂಡೇ ಕೆಮ್ಮುತ್ತಾನೆ.
ಮುಂಗೈಯಲ್ಲಿ ಕಟ್ಟಿಕೊಟ್ಟ ನರ ಗುಂಯ್‌ಗುಡುತ್ತದೆ;
ದೋಣಿಯ ಎಂಜಿನ್ ಮಾರಿದ ಮೇಲೆ
ಮನೆಯಲ್ಲಿ ಉಳಿದ ಎಂಜಿನ್ ಅದೊಂದೇ.
ಬೆಳಗಿನ ನಾಲ್ಕಕ್ಕೆ ನನಗೆ ಎಚ್ಚರವಾಗುತ್ತದೆ.
ಇಳಿಯಿತಾ? ಅನ್ನುತ್ತೇನೆ.
ನಿದ್ದೆಯಲ್ಲೇ, ಇಳಿಯಿತು, ಅನ್ನುತ್ತಾನೆ.

ಮೊನ್ನೆ ಐಸಿನ ಚೂರು ಚೀಪುತ್ತ ಹೇಳಿದ:
ರೊಕಿಯಾ, ಆ ಐದು ವಾರ
ನಿನ್ನ ಹೆಬ್ಬೆರಳು ನನಗೆ ಕಾಣುತ್ತಿತ್ತು.

ಕಂಡೂ ಯಾಕೆ ಸುಮ್ಮನಿದ್ದೆ?

ಐಸು ಕರಗುವ ತನಕ ಕಾದೆ.
ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡ.

ತಕ್ಕಡಿ ಮತ್ತೆ ದಡ ಸೇರಿದೆ.
ಸೀಗಡಿ ಕೊಳ್ಳುವವರು ಕೇಳುತ್ತಾರೆ,
ಏನಮ್ಮ, ತೂಗಿದ ಮೇಲೂ
ಒಂದು ಹಿಡಿ ಹಾಕುತ್ತೀಯಲ್ಲ, ನಷ್ಟವಲ್ಲವೇ?
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು
ಮುಳ್ಳು ನಿಲ್ಲುವುದನ್ನು ನೋಡುತ್ತಿರುತ್ತೇನೆ.