ಕೈಹೊಲಿಗಿ

ನಮ್ಮ ಹಿತ್ತಲಾ ಅಂದ್ರ ಹಿತ್ತಲಾ ಏನಲ್ಲ,
ಎರಡು ಗ್ವಾಡಿ ನಡುವ ಸಿಕ್ಕೊಂಡ
ಹದಿನಾಕು ಫೂಟಿನ ಎರಿಮಣ್ಣು.
ಬ್ಯಾಸಿಗಿಗೆ ಕೈ ಹೋಗುವಷ್ಟು ಬಿರಿತೈತಿ,
ಮಳಿಗೆ ಕಾಲಾಗಿನ ಚಪ್ಪಲಿ ಕಸಗೋತೈತಿ.

ಬೆಟಗೇರ್‍ಯಾಗ ಮಾವನ ಮಗ್ಗ ತೆಗೆದ ಜಾಗಾಕ್ಕ
ನಾನು ಪಿಕೋ-ಫಾಲ್ ಮಷಿನ್ ಹಾಕೀನಿ.
ಕಿಡಕಿಗೆ ಹತ್ತಿ ಕೂತರ
ಒಂದು ಕಣ್ಣು ಸೀರಿ ಅಂಚಿಗೆ,
ಇನ್ನೊಂದು ಆ ಹದಿನಾಕು ಫೂಟಿಗೆ.

ಅಲ್ಲಿ ಶಹಾಬಾದ್ ಕಲ್ಲು ಹಾಸೂಣು ಅಂದ್ರು ನಮ್ಮ ಮನಿಯವರು.
ಗಾಡಿ ನಿಲ್ಲಸಾಕ ಬರತೈತಿ, ಕೆಸರಿನ ಕಾಟ ಇರೂದಿಲ್ಲ.
ಲೆಕ್ಕಾ ಆಗಿತ್ತು, ಅಡ್ವಾನ್ಸ್ ಕೊಡೂದಷ್ಟ ಉಳದಿತ್ತು.

ಆ ವಾರ ಬದನಿಗಿಡದಾಗ ಎರಡು ಎಲಿ
ಒಂದಕ್ಕೊಂದು ಕೂಡಿದ್ದು ಕಂಡೆ.
ಹುಳಾ ಹತ್ತೇತಿ ಅಂತ ಹರಿಯಾಕ ಹ್ವಾದೆ.
ಹರೀಲಿಲ್ಲ.
ಅಂಚಿಗೆ ಸೂಜಿಮನಿಯಷ್ಟ ತೂತು,
ತೂತಿಗೊಂದು ಹತ್ತಿ ಎಳಿ,
ಗಂಟಿಲ್ಲ, ತುದಿ ಹಿಂಜಿ ಉಬ್ಬಿಸಿ ಬಿಟ್ಟೈತಿ, ಜಾರಬಾರದಂತ.
ಮೂರನೇ ತೂತಿನಾಗ ಕುಂಕುಮ ಬಣ್ಣದ ದಾರಾ,
ಅದು ನಂದು!
ಸೂಡಿಯವರ ಸೊಸಿಯ ಇಳಕಲ್ಲ ಸೀರಿಗೆ ಹಾಕಿದ್ದು.

ಕರೆಂಟ್ ಹ್ವಾದರ ನನ್ನ ಕೆಲಸ ನಿಲ್ಲತೈತಿ.
ಇದರದು ನಿಲ್ಲೂದಿಲ್ಲ.
ಟುವ್ವಿ ಟುವ್ವಿ ಅಂತ ಬೈಕೋತ ಹೊಲಿತೈತಿ
ಹೆಬ್ಬೆಟ್ಟಿನಷ್ಟು ಜೀವ.

ಶಹಾಬಾದ್ ಬ್ಯಾಡ ಅಂದೆ.
ಯಾಕ ಅಂದ್ರು.
ನಮ್ಮ ಕಸಬಿನವರು ಬಾಡಿಗಿಗೆ ಬಂದಾರ ಅಂದೆ.

ಬದನಿಗೆ ಎಣ್ಣಿ ಹೊಡಿಯೂದು ಅವತ್ತ ಬಿಟ್ಟೆ.
ಅರ್ಧ ಕಾಯಿ ಹುಳುಕಾದವು, ಎಣಗಾಯಿ ದಿನ ಝುಣಕಾ ಉಂಡ್ವಿ.
ಒಣಗಿದ ನುಗ್ಗಿಟೊಂಗಿ ಕಡಿಸಲಿಲ್ಲ,
ಅದರ ಮ್ಯಾಲೆ ಕಾಜಾಣ ಕೂತು ಓಣಿ ಕಾಯತೈತಿ,
ಪಗಾರಿಲ್ಲದ ಫೌಜದಾರ.
ಉದುರಿದ ಎಲಿ ಗುಡಸೂದಿಲ್ಲ.
ಹರಟೆಮಲ್ಲಗಳು ಏಳೂ ಮಂದಿ ಬಂದು
ಒಂದೊಂದ ಎಲಿ ತಿರುವಿ ತಿರುವಿ ನೋಡತಾವು,
ಅರಿವಿ ಅಂಗಡ್ಯಾಗ ಏನೂ ಕೊಳ್ಳದವರಂಗ.

ನೀರಿಂದ ಜಗಳಾತು.
ನಳಾ ಬರೂದು ಎಂಟು ದಿನಕ್ಕೊಮ್ಮೆ, ಒಮ್ಮೊಮ್ಮೆ ಹನ್ನೆರಡಕ್ಕ.
ಕೊಡಾ, ಬ್ಯಾರಲ್, ಉಪ್ಪಿನಕಾಯಿ ಭರಣಿ ಸೈತ ತುಂಬಿಡೂ ಮನ್ಯಾಗ
ಹಕ್ಕಿಗೊಂದು ಪರಾತ ನೀರ?
ಅತ್ತಿ ಕೇಳಿದ್ದು ಖರೇ ಪ್ರಶ್ನಿ.
ನನ್ನ ಹತ್ರ ಉತ್ತರ ಇರಲಿಲ್ಲ,
ಪರಾತ ಡಬ್ಬ ಹಾಕಿದೆ.
ಮೂರನೇ ದಿನ ಮುಂಜಾನಿ ನೋಡಿದರ
ಪರಾತ ಅಂಗಾತ ಐತಿ, ಎರಡು ಬೆರಳು ನೀರು,
ನಡುವ ಕೂಡಾಕೊಂದು ಹಂಚಿನ ಚೂರು.
ಅತ್ತಿ, ಮುಖಾ ತೊಕ್ಕೊಂಡ್ರ್ಯಾ ಅಂತ ಕೇಳಿದೆ.
ನೀ ಸುಮ್ಮನ ಹೊಲಿ ಅಂದ್ರು.

ಬಾಜೂ ಮನಿ ಜೈತುನ್‌ಬಿಯ ಬೆಕ್ಕಿಗೆ ಗೆಜ್ಜಿ ಕಟ್ಟು ಅಂದರ
ಮದವಿ ಮಾಡ್ತಿಯೇನ ಅಂತ ನಕ್ಕಳು.
ಮರುದಿನ ಮಗಳ ಕಾಲಗೆಜ್ಜಿಂದ ಎರಡು ಬಿಚ್ಚಿ
ಆಕಿನ ಕಟ್ಟಿದಳು.

ಅಷ್ಟೆಲ್ಲಾ ಆದರೂ
ಒಂದು ದಿನ ಎಲಿ ಹರಿದಿತ್ತು.
ಬೆಕ್ಕೋ, ಕೆಂಬೂತೋ, ಗೊತ್ತಿಲ್ಲ.
ಗೆಜ್ಜಿ ಸಪ್ಪಳ ನಾ ಕೇಳಲಿಲ್ಲ.
ಲಗ್ನದ ಸೀಜನ್, ಹದಿನೇಳು ಸೀರಿ ಇದ್ದವು,
ಮಷಿನ್ ಸದ್ದಿನಾಗ ಕೇಳಸೂದೂ ಇಲ್ಲ.
ಬದನಿಗಿಡದ ಬುಡಕ್ಕ ಕೆಂಪು ಎಳಿ ಬಿದ್ದಿತ್ತು,
ಹಿಂಜಿದ ತುದಿ ಹಂಗ ಇತ್ತು.

ಹನ್ನೊಂದು ದಿನ ಟುವ್ವಿ ಕೂಗಲಿಲ್ಲ.
ಎಣಿಸಿದ್ದು ನಾನಲ್ಲ, ಅತ್ತಿ.

ಈಗ ಕಿಡಕಿ ಮ್ಯಾಲೆ ದಾರದ ತುಣುಕು ಇಡತೀನಿ.
ಹತ್ತೀದಷ್ಟ, ನೈಲಾನ್ ಅಲ್ಲ,
ಎರಡು ಬೆರಳಿಗಿಂತ ಉದ್ದಿಲ್ಲ. ಉದ್ದಾದರ ಕಾಲಿಗೆ ಸುತಗೋತೈತಿ.
ಬಣ್ಣ ಬಣ್ಣದ್ದು ಇಟ್ಟರೂ ಅದು ಮುಟ್ಟೂದಿಲ್ಲ.
ನಾ ಉಣ್ಣಾಕ ಎದ್ದಾಗ ಒಳಗ ಬಂದು
ಹಚ್ಚಿದ್ದನ್ನ ಜಗ್ಗತೈತಿ.

ನಿನ್ನೆ ಸೂಡಿಯವರ ಸೊಸಿ ಅಂಚು ಹಿಡಿದು ನೋಡಿದಳು,
ಅಕ್ಕಾರ, ಇಲ್ಲೊಂದು ಟಾಕಾ ಬಿಟ್ಟೀರಿ.

ಬಿಟ್ಟಿಲ್ಲವಾ, ಅಂದೆ.
ದಾಸಾಳ ಗಿಡದಾಗ ಐತಿ.