ಹನ್ನೊಂದನೇ ಕಾಲಂ

ಮೂರನೇ ಸಲ ವಾಪಸು ಬಂದಿದೆ ಅರ್ಜಿ.
ಕೆಂಪು ಶಾಯಿಯಲ್ಲಿ: ಸಹಿ ತಾಳೆಯಾಗುವುದಿಲ್ಲ.

ಹೇಗೆ ಆದೀತು ಸಾಹೇಬರೇ,
ಆ ಸಹಿ ಹಾಕುವಾಗ ಗುಣಾಜಿ ತಾಂಡೇಲನಿಗೆ ಇಪ್ಪತ್ತೆರಡು,
ಮಾಜಾಳಿಯ ದಂಡೆಯಲ್ಲಿ ಕತ್ತಲಲ್ಲೇ
ಬಲೆಯ ಹರಕು ಹೊಲಿಯುತ್ತಿದ್ದ ಕೈ ಅದು.
ಈಗ ಚಹಾ ಕೊಟ್ಟರೆ
ಮೊದಲು ಬಸಿ ಮಾತಾಡುತ್ತದೆ.

ಹನ್ನೊಂದನೇ ಕಾಲಂ:
ಕಾಯಿಲೆಗೆ ಸೇವೆಯೇ ಕಾರಣ ಎಂಬುದಕ್ಕೆ ಆಧಾರ?
ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ:
ಯುದ್ಧದ ವರ್ಷ.
ಬೇಲಿಯುದ್ದಕ್ಕೂ ಹುಲ್ಲು ನಿಲ್ಲಬಾರದೆಂದು ಹುಕುಂ.
ಬೆನ್ನಿಗೆ ಪಂಪು. ಗಾಳಿ ನಮ್ಮ ಕಡೆಗೇ.
ಮೂರು ದಿನಕ್ಕೆ ಬೆಂಕಿಯಿಲ್ಲದೆ ಸುಟ್ಟಿತು ಬಯಲು,
ನಾಲ್ಕನೇ ದಿನ ಒಂದು ಗೌಜಲವೂ ಕೂಗಲಿಲ್ಲ.
ಜಾಗದ ಹೆಸರು?
ಬರೆಯಬೇಡ, ಹೇಳಬಾರದು ಅನ್ನುತ್ತಾರೆ,
ಈಗಲೂ,
ತುಟಿ ನಡುಗುವಾಗಲೂ.

ಸಾಕ್ಷಿ ಇತ್ತು ಮನೆಯಲ್ಲಿ.
ರಜೆಗೆ ಬಂದಾಗ ತಂದ ಖಾಲಿ ಡಬ್ಬ,
ಮುಚ್ಚಳ ಎಷ್ಟು ಗಟ್ಟಿ ಎಂದು ಅತ್ತೆ ಹಿಗ್ಗಿದ್ದರು.
ಹದಿನಾಲ್ಕು ಮಳೆಗಾಲ ಅದರಲ್ಲೇ ನಮ್ಮ ಒಣಬಂಗಡೆ.

ತೊಳೆದೆ. ಮಡಿಲಲ್ಲಿಟ್ಟುಕೊಂಡು
ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಒಯ್ದೆ,
ಕಂಡಕ್ಟರ್ ಲಗೇಜು ಚೀಟಿ ಹರಿಯಲಿಲ್ಲ, ಪುಣ್ಯಾತ್ಮ.
ಡಬ್ಬದ ಮೇಲೆ ತಲೆಬುರುಡೆ ಅರ್ಧ ಅಳಿಸಿತ್ತು,
ಹಲ್ಲು ಮಾತ್ರ ಸ್ಪಷ್ಟ.

ಗುಮಾಸ್ತರು ಕುರ್ಚಿ ಹಿಂದೆ ಸರಿಸಿ, ಕರವಸ್ತ್ರ ಮೂಗಿಗೆ:
"ಹೊರಗಿಡಮ್ಮಾ, ವಿಷದ ಡಬ್ಬ ಅದು,
ಯಾರಾದರೂ ಮುಟ್ಟಿಯಾರು!"

ಅದೇ ಮಾತನ್ನು
ಸೀಲು ಹಾಕಿ ಬರೆದುಕೊಡಿ ಅಂದೆ.

ಪೆನ್ನು ಹುಡುಕತೊಡಗಿದರು.
ಜೇಬಿನಲ್ಲೇ ಇತ್ತು.